ಜೀವಂಧರನ ನಾಯಿಯೂ ಶಾಲೆಯಂಗಳದ ನಾಯಿಯೂ

ಜೈನ ಪುರಾಣಗಳಲ್ಲಿ ನಾಯಿಗೆ ದೊರೆತಿರುವ ಅತ್ಯಂತ ಗೌರವದ ಸ್ಥಾನ ಜೀವಂಧರನ ಕಥೆಯಲ್ಲಿದೆ. ಹೇಮಾಂಗದ ದೇಶದ ರಾಜಪುರಿಯ ಅರಸ ಸತ್ಯಂಧರನ ಮಗನಾಗಿ ಸ್ಮಶಾನದಲ್ಲಿ ಜನಿಸಿ, ಗಂಧೋತ್ಕಟನೆಂಬ ವರ್ತಕನ ಮನೆಯಲ್ಲಿ ಬೆಳೆದವನು ಜೀವಂಧರ ಕುಮಾರ. ವಸಂತೋತ್ಸವದ ಸಮಯದಲ್ಲಿ ಅವನು ಗೆಳೆಯರೊಡನೆ ಹೊರಟಿದ್ದಾಗ, ಹವಿಸ್ಸನ್ನು ಮುಟ್ಟಿತೆಂಬ ಸಿಟ್ಟಿನಿಂದ ಜನ ಬಡಿದು ಕೆಡವಿದ್ದ ನಾಯಿಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಬದುಕಿಸಲಾಗದೆಂದು ಕಂಡಾಗ ಅವನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತಾನೆ. ಆ ನಾಯಿ ಶಾಂತಭಾವದಿಂದ ಪ್ರಾಣಬಿಟ್ಟು ಚಂದ್ರೋದಯ ಪರ್ವತದಲ್ಲಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಹುಟ್ಟಿದೊಡನೆ ಉಪಕಾರವನ್ನು ನೆನೆದು ಯಕ್ಷನು ಜೀವಂಧರನ ಬಳಿಗೆ ಬಂದು ಕೃತಜ್ಞತೆ ಸಲ್ಲಿಸುತ್ತಾನೆ. ಮುಂದೆ ಕಾಷ್ಠಾಂಗಾರನು ಕುಮಾರನನ್ನು ಕೊಲ್ಲಿಸಲು ಹೊರಟಾಗ ಅವನನ್ನು ಎತ್ತಿಕೊಂಡು ಹೋಗಿ ಉಳಿಸುವವನೂ ಅದೇ ಯಕ್ಷ.

ವಾದೀಭಸಿಂಹನು ಸಂಸ್ಕೃತದಲ್ಲಿ ಗದ್ಯವಾಗಿಯೂ ಪದ್ಯವಾಗಿಯೂ ಹೇಳಿದ ಈ ಕಥೆಯನ್ನು ಭಾಸ್ಕರ ಕವಿ 1424ರಲ್ಲಿ ಪೆನುಗೊಂಡೆಯಲ್ಲಿ ‘ಜೀವಂಧರ ಚರಿತೆ’ಯಾಗಿ ಕನ್ನಡಕ್ಕೆ ತಂದನು. ಅದೇ ಶತಮಾನದಲ್ಲಿ ಇದನ್ನು ಸಾಂಗತ್ಯದಲ್ಲಿ ಹಾಡಿದವನು ಬೊಮ್ಮರಸ; ಊರು ತೆರಕಣಾಂಬಿ. ಈಗಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಊರದು. ಮಲೆಯೂರಿನ ಕನಕಗಿರಿಯೂ ಇದೇ ಜಿಲ್ಲೆಯದು. ಎಂದ ಮೇಲೆ ಜೀವಂಧರನ ನಾಯಿ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಶ್ರಾವಕರಿಗೆ ಎಲ್ಲಿಯದೋ ದೂರದ ನಾಯಿಯಲ್ಲ, ನೆರೆಯೂರಿನ ಕವಿ ಹಾಡಿದ ನಾಯಿ.

ಪ್ರವಚನಗಳಲ್ಲಿ ಈ ಪ್ರಸಂಗವನ್ನು ಮಂತ್ರದ ಮಹಿಮೆಗೆ ಉದಾಹರಣೆಯಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ಕಥೆಯೊಳಗಿನ ಕ್ರಮವನ್ನು ಗಮನಿಸಬೇಕು. ಕುಮಾರನು ಮೊದಲು ನೋಡಿದ್ದು ಆ ಜೀವ ಉಳಿದೀತೇ ಎಂದು; ಉಳಿಯದೆಂದು ತಿಳಿದ ಬಳಿಕವೇ ಮಂತ್ರ. ಸಾಯುತ್ತಿರುವ ನಾಯಿಗೆ ಕೊಡಬಹುದಾದದ್ದು ಮಂತ್ರ. ಬದುಕಿರುವ ನಾಯಿಗೆ, ಅದರಲ್ಲೂ ಬದುಕು ಉಕ್ಕಿ ಹರಿಯುತ್ತಿರುವ, ಕಂಡವರ ಮೈಮೇಲೆಲ್ಲ ಸಂತೋಷದಿಂದ ಜಿಗಿಯುವ ನಾಯಿಗೆ ಕೊಡಬೇಕಾದದ್ದು ಬೇರೆ. ಅದಕ್ಕೆ ಬೇಕಾದದ್ದು ಒಂದು ಗೇಟು, ಗೇಟಿನೊಳಗೆ ಒಂದಿಷ್ಟು ನೆಲ, ದಿನಕ್ಕೆ ಎರಡು ಹೊತ್ತಿನ ಓಡಾಟ ಮತ್ತು ಹೆಸರು ಹಿಡಿದು ಕರೆಯುವ ಒಬ್ಬರು. ಮಂತ್ರಕ್ಕಿಂತ ಇದು ದುಬಾರಿ. ಬಹುಶಃ ಅದಕ್ಕಾಗಿಯೇ ಇದರ ಬಗೆಗೆ ಪ್ರವಚನಗಳು ಕಡಿಮೆ.

ಈ ಮೂರು ತಾಲ್ಲೂಕುಗಳಲ್ಲಿ ಸರ್ಕಾರಿ ಶಾಲೆಯನ್ನು ಬಲ್ಲ ಯಾರಿಗಾದರೂ ಶಾಲೆಯಂಗಳದ ನಾಯಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಿಲ್ಲ. ಬಿಸಿಯೂಟದ ಗಂಟೆ ಬಾರಿಸುವ ಮೊದಲೇ ಅದು ಅಡುಗೆಕೋಣೆಯ ಹಿಂದೆ ಹಾಜರು. ತಟ್ಟೆ ತೊಳೆಯುವ ನಲ್ಲಿಯ ಬಳಿ ಚೆಲ್ಲಿದ ಅನ್ನ, ಸಾರು ಅದರ ಪಾಲು. ಮೂರನೆಯ ತರಗತಿಯ ಮಕ್ಕಳು ಅದಕ್ಕೊಂದು ಹೆಸರಿಟ್ಟಿರುತ್ತಾರೆ. ಐದನೆಯ ತರಗತಿಯವರು ಬೇರೊಂದು ಹೆಸರಿಟ್ಟಿರುತ್ತಾರೆ. ಅದು ಎರಡಕ್ಕೂ ಓಗೊಡುತ್ತದೆ. ಕಬಡ್ಡಿ ನಡೆಯುವಾಗ ಗೆರೆ ದಾಟಿ ಬಂದು ಆಟ ಕೆಡಿಸುವುದೂ ಉಂಟು. ಊರಿನವರು ಇಂಥದನ್ನು ‘ಕಂತ್ರಿ ನಾಯಿ’ ಎಂದುಬಿಡುತ್ತಾರೆ. ‘ಕಂಟ್ರಿ’ ಎಂಬ ಇಂಗ್ಲಿಷ್ ಮಾತು ಕನ್ನಡದ ಬಾಯಲ್ಲಿ ಸವೆದು ಕಂತ್ರಿಯಾಯಿತು. ಈ ನಾಡಿನದೇ ತಳಿ ಎಂಬಷ್ಟೇ ಅರ್ಥವಿದ್ದ ಪದ ಬೈಗುಳವಾಗಿ ಮನುಷ್ಯರಿಗೂ ಅಂಟಿಕೊಂಡಿತು.

ಈ ನಾಯಿಯ ಸ್ಥಿತಿ ಈಗ ಬದಲಾಗಿದೆ. ಹಿಡಿದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲೇ ಮರಳಿ ಬಿಡಬೇಕೆಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಕ್ರಮ. ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಅದನ್ನು ಬಹುಮಟ್ಟಿಗೆ ಒಪ್ಪಿತಾದರೂ ನವೆಂಬರ್ 7ರ ಆದೇಶದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳನ್ನು ಪ್ರತ್ಯೇಕವಾಗಿ ಎತ್ತಿಕೊಂಡಿತು. ಅಲ್ಲಿಂದ ಹಿಡಿದ ನಾಯಿಗಳನ್ನು ಚಿಕಿತ್ಸೆಯ ನಂತರ ಆಶ್ರಯತಾಣಕ್ಕೆ ಸೇರಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಹೇಳಿತು. ಮಕ್ಕಳನ್ನು ನಾಯಿಗಳು ಕಚ್ಚಿದ ಪ್ರಕರಣಗಳೇ ಈ ಆದೇಶದ ಹಿಂದಿರುವುದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಬಳಿಕ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಒಂದು ಮಗುವಿನ ಪ್ರಾಣದ ಎದುರು ತಕ್ಕಡಿಯಲ್ಲಿ ಇಡಲು ಯಾವ ವಾದವೂ ಇಲ್ಲ. ಹಾಗಾಗಿ ಕೊಳ್ಳೇಗಾಲದ ನಗರಸಭೆಯಾಗಲಿ, ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳಾಗಲಿ ಆದೇಶ ಪಾಲಿಸಿದರೆ ಅವನ್ನು ದೂರುವುದು ನ್ಯಾಯವಲ್ಲ.

ಆದರೆ ಇದರ ಪರಿಣಾಮವನ್ನು ಒಂದು ಹೆಜ್ಜೆ ಮುಂದೆ ನೋಡಬೇಕಾಗಿದೆ. ಕಚ್ಚುವ ನಾಯಿಯೊಡನೆ ಕಚ್ಚದ ನಾಯಿಯೂ ಬಲೆಗೆ ಬೀಳುತ್ತದೆ. ಅಷ್ಟೇ ಅಲ್ಲ, ಮನುಷ್ಯರನ್ನು ನಂಬಿ ತಾನಾಗಿ ಹತ್ತಿರ ಬರುವ ನಾಯಿಯೇ ಮೊದಲು ಬೀಳುತ್ತದೆ. ಬಿಸ್ಕತ್ತು ತೋರಿಸಿದರೆ ಸಾಕು, ಬಾಲ ಅಲ್ಲಾಡಿಸುತ್ತ ಅದು ವಾಹನದ ಬಳಿಗೆ ಬರುತ್ತದೆ. ಮರಳಿ ಹೋಗಲು ಜಾಗವಿಲ್ಲದ ಕಾರಣ ಆಶ್ರಯತಾಣವೇ ಅದರ ಆಯುಷ್ಯ ಪೂರ್ತಿಯ ವಾಸ. ಅಲ್ಲಿಂದ ಹೊರಬರುವ ಬಾಗಿಲು ಒಂದೇ: ಯಾರಾದರೂ ಮನೆಗೆ ಕರೆದೊಯ್ಯುವುದು. ಆಗಸ್ಟ್ ತಿಂಗಳ ಆದೇಶ ಈ ಬಾಗಿಲನ್ನು ಸ್ಪಷ್ಟವಾಗಿ ತೆರೆದಿಟ್ಟಿದೆ. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಬಹುದು. ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್ ಮೊದಲಾದ ಸಂಸ್ಥೆಗಳು ನ್ಯಾಯಾಲಯದ ಆದೇಶ ಬರುವ ಎಷ್ಟೋ ಮೊದಲಿನಿಂದಲೂ ಪ್ರಾಣಿಗಳ ರಕ್ಷಣೆಯಲ್ಲಿ ತೊಡಗಿವೆ. ಅವುಗಳ ಹೆಸರು ಕೇಳಿದೊಡನೆ ಶ್ರಾವಕರ ಕೈ ಜೇಬಿಗೆ ಹೋಗುತ್ತದೆ. ಮಹಾವೀರ ಜಯಂತಿಯಂದು ಆಶ್ರಯತಾಣಕ್ಕೆ ಅಕ್ಕಿ, ಹಾಲು, ಔಷಧದ ಖರ್ಚು ಕೊಡುವ ಮನೆಗಳು ಹಲವು. ಆಹಾರದಾನವಾಯಿತು, ಔಷಧದಾನವಾಯಿತು. ಅಭಯದಾನ ಮಾತ್ರ ಆಶ್ರಯತಾಣದ ಬಾಗಿಲಲ್ಲೇ ನಿಂತುಬಿಡುತ್ತದೆ.

ಆಶ್ರಯತಾಣದಲ್ಲಿ ಇಂಥ ನಾಯಿಗೆ ಒದಗುವ ಗತಿ ವಿಚಿತ್ರವಾದುದು. ಮುದಿಯಾದ, ಕಾಲು ಕುಂಟಾದ ನಾಯಿಯನ್ನು ಕಂಡು ಕರುಣೆ ಹುಟ್ಟುತ್ತದೆ. ಎರಡು ತಿಂಗಳ ಮರಿಯನ್ನು ಕಂಡು ಮುದ್ದು ಬರುತ್ತದೆ. ಎರಡು ಮೂರು ವರ್ಷದ, ಆರೋಗ್ಯವಂತ, ಸ್ನೇಹಪರ ನಾಯಿ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ದಿನದ ಇಪ್ಪತ್ತಮೂರು ಗಂಟೆ ಜಾಲರಿಯ ಹಿಂದೆ ಕಳೆದದ್ದು ಮನುಷ್ಯರ ಹೆಜ್ಜೆಯ ಸಪ್ಪಳ ಕೇಳಿದೊಡನೆ ಜಾಲರಿಯ ಮೇಲೆ ಮುಂಗಾಲಿಟ್ಟು ಎದ್ದು ನಿಲ್ಲುತ್ತದೆ, ಬೊಗಳುತ್ತದೆ, ತಿರುಗುತ್ತದೆ, ಬಾಗಿಲು ತೆರೆದರೆ ಎದೆಯೆತ್ತರಕ್ಕೆ ಜಿಗಿಯುತ್ತದೆ. ನೋಡಲು ಬಂದ ಕುಟುಂಬ ಎರಡು ಹೆಜ್ಜೆ ಹಿಂದೆ ಸರಿದು ‘ಇದು ತುಂಬ ಜೋರು’ ಎಂದು ಮುಂದಕ್ಕೆ ಹೋಗುತ್ತದೆ. ಆ ಜೋರು ಅದರ ಸ್ವಭಾವ ಅರ್ಧ, ಕೂಡಿಹಾಕಿದ್ದರ ಫಲ ಅರ್ಧ ಎಂಬುದು ಹತ್ತು ನಿಮಿಷದ ಭೇಟಿಯಲ್ಲಿ ತಿಳಿಯುವಂಥದಲ್ಲ. ಹೀಗೆ ತಿರಸ್ಕೃತವಾದದ್ದು ಇನ್ನಷ್ಟು ದಿನ ಒಳಗೇ ಉಳಿಯುತ್ತದೆ. ಉಳಿದಷ್ಟೂ ಅದರ ಜಿಗಿತ ಹೆಚ್ಚುತ್ತದೆ. ಮನೆಗೆ ಹೋಗಲು ಅತ್ಯಂತ ಯೋಗ್ಯವಾದ ಜೀವವೇ ಅತ್ಯಂತ ಕೊನೆಯವರೆಗೆ ಕಾಯುತ್ತದೆ.

ಇನ್ನು ಒಯ್ದು ಹಿಂದಿರುಗಿಸುವವರ ಕಥೆ. ಮೊದಲ ವಾರದಲ್ಲೇ ಚಪ್ಪಲಿ ಕಡಿಯಿತು, ಗಿಡ ಅಗೆಯಿತು, ರಾತ್ರಿ ಊಳಿಟ್ಟಿತು ಎಂದು ವಾಪಸು ತಂದು ಬಿಡುತ್ತಾರೆ. ನಾಯಿಗಳ ಜೊತೆ ಕೆಲಸ ಮಾಡುವವರಲ್ಲಿ ಒಂದು ಲೆಕ್ಕವುಂಟು: ಹೊಸ ಮನೆಯ ಭಯ ಇಳಿಯಲು ಮೂರು ದಿನ, ಮನೆಯ ಕ್ರಮ ಕಲಿಯಲು ಮೂರು ವಾರ, ಇದು ತನ್ನ ಮನೆ ಎಂದು ನಂಬಲು ಮೂರು ತಿಂಗಳು. ಒಂದನೆಯ ತರಗತಿಗೆ ಸೇರಿದ ಮಗುವಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಜೂನ್ ಮೊದಲ ವಾರದಲ್ಲಿ ಅತ್ತ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುವ ಶಾಲೆ ಎಲ್ಲಿಯೂ ಇಲ್ಲ.

ಇಲ್ಲಿಗೆ ಶ್ರಾವಕರ ಮನೆಗಳಲ್ಲಿ ಏಳುವ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಅದನ್ನು ಮರೆಮಾಚಿ ಕರುಣೆಯ ಮಾತಾಡುವುದು ಪ್ರಾಮಾಣಿಕವಲ್ಲ. ಶಾಸ್ತ್ರದಲ್ಲಿ ನಾಯಿ ಸಾಕಲು ಸಮ್ಮತಿಯಿದೆಯೇ? ಸ್ವಾಮಿಕುಮಾರನ ‘ಕಾರ್ತಿಕೇಯಾನುಪ್ರೇಕ್ಷೆ’ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಆಯುಧ ಮಾರುವುದರ ಸಾಲಿನಲ್ಲಿಟ್ಟು ಅನರ್ಥದಂಡವೆಂದು ಎಣಿಸುತ್ತದೆ. ಇತರ ಶ್ರಾವಕಾಚಾರಗಳಲ್ಲಿಯೂ ಇಂಥ ಎಚ್ಚರಿಕೆ ಬರುತ್ತದೆ. ಹಿರಿಯರು ಮನೆಗೆ ನಾಯಿ ಬೇಡವೆನ್ನುವುದು ಕೇವಲ ಮಡಿಯ ಅಭ್ಯಾಸದಿಂದಲ್ಲ. ಅವರ ಹಿಂದೆ ಈ ವಿಚಾರವಿದೆ.

ಆದರೆ ಆ ನಿಷೇಧದ ಮರ್ಮವೇನು? ಬೇರೆ ಜೀವಗಳನ್ನು ಕೊಲ್ಲುವ ಸಾಧನವಾಗಿ ಒಂದು ಜೀವವನ್ನು ಸಾಕಬಾರದು ಎಂಬುದು. ಬೇಟೆಗೆಂದು ನಾಯಿ ಸಾಕುವುದು, ಇಲಿಯ ಮೇಲೆ ಬಿಡಲೆಂದು ಬೆಕ್ಕು ಸಾಕುವುದು, ಮಾರಿ ಲಾಭ ಪಡೆಯಲೆಂದು ಮರಿ ಹಾಕಿಸುವುದು ಆ ಕೋಟಲೆಗೆ ಸೇರುತ್ತವೆ. ಸಂತಾನಹರಣವಾಗಿರುವ, ಬೇಲಿಯೊಳಗೆ ಇರುವ, ಬೇರೆಲ್ಲೂ ಹೋಗಲು ಜಾಗವಿಲ್ಲದ ನಾಯಿಗೆ ಆಸರೆ ಕೊಡುವುದು ಅದೇ ಕೋಟಲೆಯೆಂದರೆ ಜೀವಂಧರ ಕುಮಾರನೂ ದಾರಿ ಬಿಟ್ಟು ನಡೆದುಹೋಗಬೇಕಿತ್ತು. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಧರ್ಮದ ಬಲವನ್ನು ತೋರಿಸಲು ಆರಿಸಿಕೊಂಡ ಪ್ರಾಣಿಯೂ ನಾಯಿಯೇ: ಧರ್ಮದಿಂದ ನಾಯಿ ದೇವನಾಗಬಲ್ಲುದು, ಪಾಪದಿಂದ ದೇವನು ನಾಯಿಯಾಗಬಲ್ಲನು ಎಂಬುದು ಅವರ ಅಭಿಪ್ರಾಯ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವ ಐದನೆಯ ಗುಣಸ್ಥಾನದವರೆಗೆ, ಅಂದರೆ ಅಣುವ್ರತಿಯಾದ ಶ್ರಾವಕನ ಎತ್ತರದವರೆಗೆ ಏರಬಲ್ಲುದೆಂದು ಸಿದ್ಧಾಂತವೇ ಹೇಳುತ್ತದೆ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ಪ್ರಾಣಿಗಳದು. ಜಿನಸಭೆಯಲ್ಲಿ ಆಸನವಿರುವ ಜೀವಕ್ಕೆ ಜಗಲಿಯಲ್ಲಿ ಜಾಗವಿಲ್ಲವೆನ್ನುವುದಕ್ಕೆ ಕಾರಣ ಹುಡುಕುವುದು ಕಷ್ಟ.

ಎರಡನೆಯ ಆಕ್ಷೇಪ ಅಡುಗೆಮನೆಯದು. ಮಾಂಸ ಮುಟ್ಟದ ಮನೆಯಲ್ಲಿ ನಾಯಿಗೆ ಏನು ಹಾಕುವುದು? ಇದಕ್ಕೆ ಉತ್ತರ ಈ ಸೀಮೆಯ ಹಟ್ಟಿಗಳಲ್ಲಿಯೇ ಇದೆ. ರಾಗಿ ಮುದ್ದೆ, ಅನ್ನ, ಮಜ್ಜಿಗೆಯಲ್ಲಿ ತಲೆಮಾರುಗಳಿಂದ ನಾಯಿಗಳು ಬೆಳೆದಿವೆ. ವಿಜ್ಞಾನವೂ ಇದಕ್ಕೆ ಪೂರಕವಾಗಿದೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಜೀರ್ಣಿಸುವ ವಂಶವಾಹಿಯ ಎರಡು ಪ್ರತಿಗಳು ತೋಳದಲ್ಲಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಮನುಷ್ಯರ ಧಾನ್ಯದ ಜೊತೆ ಬಾಳುತ್ತ ಬಾಳುತ್ತ ನಾಯಿಯ ಹೊಟ್ಟೆಯೇ ಬದಲಾಗಿದೆ. ಬೆಕ್ಕಿಗೆ ಈ ಮಾತು ಹೊಂದದು. ಅದು ಮಾಂಸವಿಲ್ಲದೆ ಬದುಕಲು ಹುಟ್ಟಿದ್ದಲ್ಲ. ನಾಯಿಗಾದರೂ ಬರಿಯ ಮುದ್ದೆ, ಅನ್ನ ಸಾಲದು. ಬೇಳೆ, ಮೊಸರು, ಬೇಯಿಸಿದ ಕುಂಬಳ ಬೇಕು, ಪಶುವೈದ್ಯರ ಸಲಹೆಯೂ ಬೇಕು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬಹುದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ವಿಷ. ಇವೆರಡೂ ಒಲೆಯ ಮೇಲೇರದ ಅಡುಗೆಮನೆ ಊರಿನಲ್ಲಿ ಯಾರದೆಂದು ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ನಾಯಿಯನ್ನು ತರುವುದು ಸುಲಭ. ತಂದದ್ದನ್ನು ಏನು ಮಾಡುತ್ತಾರೆ ಎಂಬುದೇ ಮುಖ್ಯ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಎಣಿಸುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಹೊಡೆಯುವುದು. ಛೇದವೆಂದರೆ ಅಂಗ ಕತ್ತರಿಸುವುದು. ಚೆಂದಕ್ಕೆಂದು ನಾಯಿಯ ಬಾಲ, ಕಿವಿ ಕತ್ತರಿಸುವುದು ಇದರಲ್ಲೇ ಬರುತ್ತದೆ. ಆದರೆ ಸೂತ್ರದ ಮೊದಲ ಸ್ಥಾನ ಹೊಡೆತಕ್ಕೂ ಅಲ್ಲ, ಹಸಿವಿಗೂ ಅಲ್ಲ. ಮೊದಲು ಬರುವುದು ಬಂಧ, ಇಷ್ಟಬಂದಂತೆ ಚಲಿಸಲು ಬಿಡದೆ ಕಟ್ಟಿಹಾಕುವುದು. ಪಾಠಶಾಲೆಯ ಮಕ್ಕಳು ಈ ಐದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಒಪ್ಪಿಸಿ ಹೊರಬಂದಾಗ ಎದುರು ಮನೆಯ ಕಂಬಕ್ಕೆ ಮೂರು ಅಡಿ ಸರಪಳಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಟ್ಟಿರುವ ನಾಯಿ ಅವರ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಪದ ಕಲಿಸಿದ್ದಾಗಿದೆ, ವಸ್ತುವನ್ನು ತೋರಿಸಿಲ್ಲ.

ಈ ವಿಷಯದಲ್ಲಿ ದೇಶದ ಕಾನೂನು ಆಗಮಕ್ಕೆ ಆಶ್ಚರ್ಯವೆನಿಸುವಷ್ಟು ಹತ್ತಿರದಲ್ಲಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮು ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಅಷ್ಟೇ ಅಲ್ಲ, ರೂಢಿಯಾಗಿ ಕಟ್ಟಿಯೋ ಕೂಡಿಯೋ ಇಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನು ನಾಯಿಯ ಹೆಸರನ್ನೇ ಹೇಳಿ ಪ್ರತ್ಯೇಕ ಅಪರಾಧವಾಗಿ ಗುರುತಿಸುತ್ತದೆ. ಮೊದಲ ಸಲದ ದಂಡ ಮಾತ್ರ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಲೋಟ ಕಾಫಿಯ ಬೆಲೆಗೆ ತೀರುವ ಈ ದಂಡಕ್ಕೆ ಯಾರೂ ಅಂಜುವುದಿಲ್ಲ. ಅತಿಚಾರಕ್ಕೆ ಅಂಜಬೇಕಾದವರು ವ್ರತ ತೆಗೆದುಕೊಂಡವರು. ಅಣುವ್ರತಿಯ ಮನೆಯ ನಾಯಿ ದಿನವಿಡೀ ಸರಪಳಿಯಲ್ಲಿದ್ದರೆ, ಅದು ಮೊದಲಿದ್ದ ಆಶ್ರಯತಾಣದ ಜಾಲರಿಯೇ ಮೇಲು. ಅಲ್ಲಿ ಬೇರೆ ನಾಯಿಗಳ ಸಂಗವಾದರೂ ಇತ್ತು. ಚುರುಕಾದ ನಾಯಿಯ ವಿಷಯದಲ್ಲಿ ಈ ಮಾತು ಇನ್ನೂ ಖಚಿತ. ಮುದಿ ನಾಯಿ ಬಿಸಿಲು ಕಾಯಿಸುತ್ತ ಮಲಗೀತು. ಓಡಲು ಹುಟ್ಟಿದ್ದಕ್ಕೆ ಮೂರು ಅಡಿಯ ಸರಪಳಿ ಎಂದರೆ ಅದು ಬರಿಯ ಬಂಧವಲ್ಲ, ಅರ್ಧ ವಧ. ಇಂಥ ಮನೆಯವರು ತರದಿರುವುದೇ ದಯೆ.

ಹಾಗಾದರೆ ಬಿಚ್ಚಿ ಬಿಟ್ಟರಾಯಿತೇ? ಕೊಳ್ಳೇಗಾಲ ಪಟ್ಟಣದ ಓಣಿಯಲ್ಲಿ ಬಿಟ್ಟರೆ ಅದು ಮತ್ತೆ ಬೀದಿನಾಯಿಯೇ. ಹನೂರು, ಯಳಂದೂರಿನ ಕಡೆ ಪ್ರಶ್ನೆ ಇನ್ನೂ ಗಂಭೀರ. ಒಂದು ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದೆಡೆ ಮಲೆ ಮಹದೇಶ್ವರ ವನ್ಯಜೀವಿಧಾಮ, ಕಾವೇರಿ ವನ್ಯಜೀವಿಧಾಮ. ಜೋಳದ ಹೊಲ ಮುಗಿದಲ್ಲಿ ಕಾಡು ಆರಂಭ. ಇಲ್ಲಿ ಬಿಟ್ಟ ನಾಯಿ ಮೊಲವನ್ನೂ ನವಿಲನ್ನೂ ಜಿಂಕೆಯ ಮರಿಯನ್ನೂ ಅಟ್ಟುತ್ತದೆ. ಅನರ್ಥದಂಡದ ಹಳೆಯ ಎಚ್ಚರಿಕೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಲಸಿಕೆ ಇಲ್ಲದ ನಾಯಿಯಿಂದ ಡಿಸ್ಟೆಂಪರ್, ರೇಬೀಸ್ ರೋಗಗಳು ಕಾಡಿನ ಸೀಳುನಾಯಿಗಳಿಗೆ ದಾಟುವ ಅಪಾಯವೂ ಇದೆ. ಕಟ್ಟಿದರೆ ಇನ್ನೊಂದು ಅನಾಹುತ. ಚಿರತೆಗೆ ನಾಯಿ ಇಷ್ಟದ ಆಹಾರ. ಮಹಾರಾಷ್ಟ್ರದ ಅಕೋಲೆ ಸುತ್ತಲಿನ ಹೊಲಗದ್ದೆಗಳಲ್ಲಿ ನಡೆದ ಅಧ್ಯಯನವೊಂದು ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 39ರಷ್ಟು ನಾಯಿಯದೇ ಎಂದು ಕಂಡುಕೊಂಡಿತು. ತೋಟದ ಮನೆಯ ಮುಂದೆ ರಾತ್ರಿ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲುಗಾರನಲ್ಲ, ಕಂಬಕ್ಕೆ ಬಿಗಿದ ಎರೆ.

ನಾಯಿ ಹೋದರೆ ಮನೆಯವರ ಸಿಟ್ಟು ಚಿರತೆಯ ಮೇಲೆ ತಿರುಗುತ್ತದೆ. ಆ ಸಿಟ್ಟು ಎಲ್ಲಿಗೆ ಮುಟ್ಟಬಲ್ಲುದೆಂಬುದನ್ನು ಹನೂರು ತಾಲ್ಲೂಕು ಕಂಡಿದೆ. 2025ರ ಜೂನ್ ಕೊನೆಯಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು; ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹಸುವಿನ ಮೇಲಿನ ಮಮತೆಯೇ ಐದು ಜೀವಗಳನ್ನು ತೆಗೆಯಿತು. ಆದ್ದರಿಂದ ಕಾಡಂಚಿನಲ್ಲಿ ನಾಯಿಗೆ ಮನೆ ಕೊಡುವವರು ಅದರ ಜೊತೆಗೆ ಒಂದು ಬೇಲಿಯನ್ನೂ ರಾತ್ರಿ ಮಲಗಲು ಬಾಗಿಲಿರುವ ಕೋಣೆಯನ್ನೂ ಕೊಡಬೇಕು. ಹಗಲು ಬೇಲಿಯೊಳಗೆ ಬಿಡುಗಡೆ, ಹೊರಗೆ ಹೋಗುವಾಗ ಹಗ್ಗ ಹಿಡಿದ ಮನುಷ್ಯನ ಜೊತೆ, ಕತ್ತಲಾದ ಮೇಲೆ ಒಳಗೆ. ಇಷ್ಟು ಅನುಕೂಲವಿರುವ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಹಿಪ್ಪುನೇರಳೆ ತೋಟದವರಲ್ಲಿ ತಂತಿಬೇಲಿ ಹಾಕಿಸಿಕೊಂಡವರಿದ್ದಾರೆ. ರೇಷ್ಮೆಹುಳು ಸಾಕುವ ಕೋಣೆಯತ್ತ ನಾಯಿಯನ್ನು ಬಿಡದಿದ್ದರೆ ಸಾಕು. (ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕುವ ಕಸುಬಿನ ಬಗ್ಗೆ ಅಹಿಂಸಾಧರ್ಮ ಹೇಳಬೇಕಾದದ್ದು ಬಹಳವಿದೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಪಟ್ಟಣದ ಸ್ಥಿತಿವಂತರಲ್ಲಿ ಕೆಲವರು ಈಗಾಗಲೇ ನಾಯಿ ಸಾಕುತ್ತಿದ್ದಾರೆ, ಆದರೆ ಅಂಗಡಿಯಿಂದ ಕೊಂಡದ್ದು. ಹಿಮದ ನಾಡಿಗೆ ಹುಟ್ಟಿದ ಹಸ್ಕಿ ಕೊಳ್ಳೇಗಾಲದ ಏಪ್ರಿಲ್ ಬಿಸಿಲಿನಲ್ಲಿ ಏದುಸಿರು ಬಿಡುವುದನ್ನು ಅಂತಸ್ತು ಎಂದು ತಿಳಿಯುವವರಿದ್ದಾರೆ. ಚತುಷ್ಪದವೂ ಪರಿಗ್ರಹದ ಪಟ್ಟಿಯಲ್ಲಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪರಿಗ್ರಹದ ಬೇರು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬುದೂ ಗೊತ್ತು. ಬೆಲೆ ಹೇಳಿ ಕೊಂಡು, ನೆಂಟರಿಗೆ ತೋರಿಸಿ, ಪಟ ಹಂಚಿಕೊಳ್ಳುವ ಜಾತಿನಾಯಿಯಲ್ಲಿ ಆ ಮೂರ್ಛೆ ಎದ್ದು ಕಾಣುತ್ತದೆ. ಮರಿ ಹಾಕಿ ಹಾಕಿ ಬಳಲಿದ ಅದರ ತಾಯಿ ಕಾಣುವುದಿಲ್ಲ. ಯಾರಿಗೂ ಬೇಡವಾದ ಕಂತ್ರಿ ನಾಯಿಯಲ್ಲಿ ತೋರಿಸಿಕೊಳ್ಳಲು ಏನೂ ಇಲ್ಲ. ಮಮಕಾರಕ್ಕೆ ಹಿಡಿಕೆಯೇ ಸಿಗದ ಜೀವ ಅದು.

ನಾಯಿಯ ಆಯುಷ್ಯ ಹತ್ತರಿಂದ ಹದಿನಾಲ್ಕು ವರ್ಷ. ಎರಡು ವರ್ಷದ ನಾಯಿಯನ್ನು ತರುವವರು ಮುಂದಿನ ಹತ್ತು ಹನ್ನೆರಡು ವರ್ಷಕ್ಕೆ ಮಾತು ಕೊಟ್ಟಂತೆ. ಮಗ ಓದಲು ಬೆಂಗಳೂರಿಗೆ ಹೋಗುತ್ತಾನೆ, ಮನೆ ಬದಲಾಗುತ್ತದೆ, ಮಗಳಿಗೆ ಮದುವೆಯಾಗುತ್ತದೆ, ಸಮ್ಮೇದಶಿಖರಕ್ಕೋ ಶ್ರವಣಬೆಳಗೊಳಕ್ಕೋ ಯಾತ್ರೆ ಹೊರಡುವ ಮನಸ್ಸಾಗುತ್ತದೆ. ಆಗ ನಾಯಿಯನ್ನು ನೋಡಿಕೊಳ್ಳುವವರು ಯಾರೆಂಬುದನ್ನು ತರುವ ಮುನ್ನವೇ ಮನೆಯವರೆಲ್ಲ ಕೂತು ತೀರ್ಮಾನಿಸಬೇಕು. ಸಮಂತಭದ್ರರು ವ್ರತವನ್ನು ಎರಡಾಗಿ ವಿಂಗಡಿಸುತ್ತಾರೆ. ಕಾಲದ ಮಿತಿಯಿಟ್ಟು ತೆಗೆದುಕೊಳ್ಳುವುದು ನಿಯಮ, ಜೀವಾವಧಿಗೆ ತೆಗೆದುಕೊಳ್ಳುವುದು ಯಮ. ನಾಯಿಯನ್ನು ದತ್ತು ಪಡೆಯುವುದು ಯಮ. ಅದನ್ನು ನಿಯಮವೆಂದು ತಪ್ಪಾಗಿ ತಿಳಿದವರೇ ಮೂರನೆಯ ತಿಂಗಳಲ್ಲಿ ಹಿಂದಿರುಗಿಸಲು ಬರುವವರು, ಇಲ್ಲವೇ ಊರಾಚೆಯ ಡಾಬಾದ ಬಳಿ ಇಳಿಸಿ ಬರುವವರು.

ಯಮ ಎಲ್ಲರಿಂದಲೂ ಆಗದು, ಆಗಬೇಕೆಂದೂ ಇಲ್ಲ. ಅಂಥವರಿಗೆ ನಿಯಮದ ದಾರಿಯೊಂದು ತೆರೆದಿದೆ. ನಾಯಿಗೆ ಶಾಶ್ವತ ಮನೆ ಸಿಗುವವರೆಗೆ ನಾಲ್ಕಾರು ವಾರ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಹಲವು ಸಂಸ್ಥೆಗಳಲ್ಲಿದೆ. ಜಿಗಿಯುವ ನಾಯಿಗೆ ಇದರಿಂದ ಆಗುವಷ್ಟು ಉಪಕಾರ ಬೇರೆಯದರಿಂದ ಆಗುವುದು ಕಷ್ಟ. ಹೊಸ್ತಿಲಲ್ಲಿ ನಿಲ್ಲುವುದು, ಊಟಕ್ಕೆ ಕಾಯುವುದು, ಬಂದವರ ಮುಂದೆ ಕೂರುವುದು ಒಂದು ತಿಂಗಳಲ್ಲಿ ಕಲಿಸಬಹುದಾದ ಪಾಠಗಳು. ಬೆಳಗ್ಗೆ ಒಂದು ಗಂಟೆ ನಡಿಗೆ ಮು���ಿಸಿದ ನಾಯಿಗೂ ಮುಗಿಸದ ನಾಯಿಗೂ ಇರುವ ವ್ಯತ್ಯಾಸವನ್ನು ಕಂಡವರೇ ಬಲ್ಲರು. ನಿವೃತ್ತಿಯ ನಂತರ ವೈದ್ಯರ ಮಾತಿಗೆ ಕಟ್ಟುಬಿದ್ದು ನಸುಕಿನಲ್ಲಿ ಒಂಟಿಯಾಗಿ ಕೊಳ್ಳೇಗಾಲದ ಬೀದಿಗಳಲ್ಲಿ ವೇಗವಾಗಿ ನಡೆಯುವ ಹಿರಿಯರು ಎಷ್ಟೋ ಮಂದಿ. ಅವರ ಆ ಗಂಟೆ ಹೇಗೂ ಖರ್ಚಾಗುತ್ತಿದೆ. ಮನೆಗೆ ತರಲಾಗದ ಶಾಲಾಶಿಕ್ಷಕರಿಗೂ ಮಾಡಲು ಒಂದು ಕೆಲಸವಿದೆ. ಶಾಲೆಯಂಗಳದ ನಾಯಿ ಬಲೆಗೆ ಬೀಳುವ ಮೊದಲೇ ಪೋಷಕರ ಸಭೆಯಲ್ಲಿ ಅದರ ವಿಷಯ ಎತ್ತಿ, ಅದನ್ನು ಹೆಸರಿಟ್ಟು ಕರೆಯುವ ಮಕ್ಕಳ ಮನೆಗಳಲ್ಲಿ ಯಾವ ಮನೆಗೆ ಬೇಲಿಯಿದೆ ಎಂದು ಕೇಳುವುದು. ಕಾಗದಪತ್ರ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಆಗುತ್ತದೆ. ಲಸಿಕೆಗೆ ಪಶು ಆಸ್ಪತ್ರೆಯಿದೆ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು. ದಿನ ಮರೆತುಹೋಗುತ್ತದೆ ಎನ್ನುವವರು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನವನ್ನು ಗುರುತು ಹಾಕಿಕೊಳ್ಳಬಹುದು.

ಮನೆಗೆ ಬಂದ ಮೇಲೆ ಶ್ರಾವಕರ ದಿನಚರಿ ನಾಯಿಗೆ ಚೆನ್ನಾಗಿಯೇ ಹೊಂದುತ್ತದೆ. ಸೂರ್ಯಾಸ್ತದ ಮೊದಲು ಮನೆಯ ಊಟ ಮುಗಿಯುವುದರಿಂದ ಅದರದೂ ಮುಗಿಯುತ್ತದೆ. ಬೆಳಕಿರುವಾಗಲೇ ಸಂಜೆಯ ನಡಿಗೆಯೂ ಆಗುತ್ತದೆ. ನೀರು ಸೋಸುವ ಮನೆಯಲ್ಲಿ ಅದರ ಬಟ್ಟಲಿಗೂ ಸೋಸಿದ ನೀರೇ. ಅಷ್ಟಮಿ, ಚತುರ್ದಶಿಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಮನೆಯವರೆಲ್ಲ ಉಪವಾಸವಿದ್ದು ಒಲೆ ಹೊತ್ತದ ದಿನ ಅದರ ತಟ್ಟೆ ಮರೆತುಹೋಗುವ ಸಂಭವವಿದೆ. ಅನ್ನಪಾನನಿರೋಧ ಐದನೆಯ ಅತಿಚಾರ. ಉಪವಾಸದ ಪ್ರತ್ಯಾಖ್ಯಾನ ತೆಗೆದುಕೊಂಡವರು ಮನೆಯವರು. ಬಾಗಿಲ ಬಳಿ ಬಾಲ ಅಲ್ಲಾಡಿಸುತ್ತ ನಿಂತಿರುವುದು ತೆಗೆದುಕೊಂಡಿಲ್ಲ.